ಫ್ಯೂಷನ್ ಯಂತ್ರದಿಂದ ಹೊರಬರುವ ಅನಿಲ ಅಳೆಯುವುದು ಹೇಗೆ: 4ರ ಪೀಕ್ ನೋಡಿ ಹೀಲಿಯಮ್ ಅನ್ನಬೇಡಿ

ಅಕ್ಕನ ಮಗಳು ಹೋದ ತಿಂಗಳು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ಎಂಎಸ್ಸಿ ಪ್ರಾಜೆಕ್ಟಿಗೆ ಒಂದು ಪ್ಲಾಸ್ಮಾ ಲ್ಯಾಬ್ ಸೇರಿದ್ದಾಳೆ. ಅಲ್ಲಿ ಆರ್‌ಜಿಎ ಅನ್ನುವ ಮಾಸ್ ಸ್ಪೆಕ್ಟ್ರೋಮೀಟರ್ ಇದೆ. ಚೇಂಬರಿನೊಳಗೆ ಉಳಿದ ಅನಿಲಗಳನ್ನು ಅಣುವಿನ ತೂಕದ ಪ್ರಕಾರ ಬೇರೆ ಮಾಡಿ, ಒಂದೊಂದು ತೂಕಕ್ಕೂ ಒಂದು ಪೀಕ್ ತೋರಿಸುತ್ತದೆ.

"ಚಿಕ್ಕಮ್ಮಾ, ಆರ್‌ಜಿಎನಲ್ಲಿ 4ರ ಹತ್ತಿರ ದೊಡ್ಡ ಪೀಕ್ ಬಂದಿದೆ. ಹೀಲಿಯಮ್ ತಾನೆ?"

"ಇವತ್ತು ಡ್ಯುಟೀರಿಯಮ್ ಬಿಟ್ಟಿದ್ರಾ?"

"ಹೂಂ, ಮಧ್ಯಾಹ್ನ."

"ಹಾಗಾದ್ರೆ ಲಾಗ್ ಪುಸ್ತಕದಲ್ಲಿ ಹೀಲಿಯಮ್ ಅಂತ ಬರೀಬೇಡ. ಅದು ಯಾವುದು ಅಂತ ಇನ್ನೂ ಗೊತ್ತಾಗಿಲ್ಲ."

ಅವಳಿಗೆ ಫೋನಿನಲ್ಲಿ ಹೇಳಿದ್ದನ್ನು, ಹೇಳಲು ಆಗದೆ ಉಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು 17 ವರ್ಷದಿಂದ ವ್ಯಾಕ್ಯೂಮ್ ಕೆಲಸ ಮಾಡುತ್ತಿದ್ದೇನೆ. ಚೇಂಬರ್ ತೊಳೆಯುವುದು, ಲೀಕ್ ಹುಡುಕುವುದು, ಒಳಗೆ ಉಳಿದ ಅನಿಲ ಯಾವುದು ಅಂತ ಹೇಳುವುದು ನನ್ನ ಕೆಲಸ. ಮೊದಲ ಸಲ ಮಾಸ್ ಸ್ಪೆಕ್ಟ್ರೋಮೀಟರ್ ಮುಂದೆ ಕೂರುವವರಿಗೆ ಇದು ಉಪಯೋಗಕ್ಕೆ ಬಂದರೆ ಸಾಕು.

ಏನನ್ನು ಅಳೆಯುತ್ತಿದ್ದೇವೆ

ಡ್ಯುಟೀರಿಯಮ್, ಟ್ರಿಟಿಯಮ್ ಎರಡೂ ಹೈಡ್ರೋಜನ್ನಿನ ಅಣ್ಣತಮ್ಮಂದಿರು. ಇವು ಕೂಡಿಕೊಂಡಾಗ ಒಂದು ಹೀಲಿಯಮ್, ಒಂದು ನ್ಯೂಟ್ರಾನ್ ಬರುತ್ತವೆ. ಫ್ಯೂಷನ್ ಅಂದರೆ ಈ ಕೂಡಿಕೆಯೇ. ನ್ಯೂಟ್ರಾನ್ ಗೋಡೆಗೆ ಹೋಗುತ್ತದೆ. ಹೀಲಿಯಮ್ ಪ್ಲಾಸ್ಮಾದಲ್ಲೇ, ಅಂದರೆ ಕಾದು ಅಯಾನಾದ ಅನಿಲದಲ್ಲೇ ನಿಂತು, ತನ್ನ ಶಾಖ ಕೊಟ್ಟು, ಆಮೇಲೆ ಬೂದಿಯಾಗುತ್ತದೆ. ಕೆಲಸದವರು ಅದನ್ನು ಕರೆಯುವುದೂ ಹೀಲಿಯಮ್ ಬೂದಿ ಅಂತಲೇ. ಸೌದೆ ಒಲೆಯಲ್ಲಿ ಬೂದಿ ಗೋರದಿದ್ದರೆ ಉರಿ ಹತ್ತುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ಬೂದಿ ಜಾಸ್ತಿಯಾದಷ್ಟು ಇಂಧನಕ್ಕೆ ಜಾಗ ಕಡಿಮೆ.

ಎಷ್ಟು ಬೂದಿ? ದಕ್ಷಿಣ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಯಂತ್ರದ ಗುರಿ 500 ಮೆಗಾವ್ಯಾಟ್. ಒಂದೊಂದು ಕೂಡಿಕೆಯಿಂದ ಬರುವ ಶಕ್ತಿ 17.6 ಮೆಗಾ ಎಲೆಕ್ಟ್ರಾನ್ ವೋಲ್ಟ್. ಭಾಗಿಸಿ ನೋಡಿ. ಸೆಕೆಂಡಿಗೆ ಸುಮಾರು 1.2 ಮಿಲಿಗ್ರಾಂ ಹೀಲಿಯಮ್ ಹುಟ್ಟುತ್ತದೆ. ಅನಿಲದ ಹರಿವಿನ ಲೆಕ್ಕದಲ್ಲಿ ಇದು ಸೆಕೆಂಡಿಗೆ ಸುಮಾರು 0.7 ಪಾಸ್ಕಲ್ ಘನಮೀಟರ್. ಆದರೆ ಒಳಗೆ ಬಿಡುವ ಇಂಧನ ಸೆಕೆಂಡಿಗೆ 200 ಪಾಸ್ಕಲ್ ಘನಮೀಟರ್ ತನಕ ಹೋಗಬಹುದು. ಅದರಲ್ಲಿ ಬಹುಪಾಲು ಸುಡದೆ ಹಾಗೇ ಹೊರಗೆ ಬರುತ್ತದೆ. ಅಂದರೆ ಹೊರಬರುವ 300 ಪಾಲಿನಲ್ಲಿ ಒಂದು ಪಾಲು ಮಾತ್ರ ಹೀಲಿಯಮ್. ಉಳಿದದ್ದು ಹೆಚ್ಚೂಕಡಿಮೆ ಅದೇ ತೂಕದ ಹೈಡ್ರೋಜನ್ ಜಾತಿಯ ಅನಿಲ. ಆ ಒಂದು ಪಾಲನ್ನು ಸೆಕೆಂಡು ಸೆಕೆಂಡಿಗೂ ಕಾಣಬೇಕು. ನಮ್ಮ ಕಷ್ಟ ಇಲ್ಲಿಂದ ಶುರು.

ಎಲ್ಲಿಂದ ಹಿಡಿಯಬೇಕು

ಟೋಕಾಮ್ಯಾಕ್ ಅಂದರೆ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಬಳೆಯಾಕಾರದ ಫ್ಯೂಷನ್ ಯಂತ್ರ. ಅದರ ತಳದಲ್ಲಿ ಡೈವರ್ಟರ್ ಇರುತ್ತದೆ. ಕಾಂತಕ್ಷೇತ್ರ ಪ್ಲಾಸ್ಮಾದ ಅಂಚನ್ನು ಅಲ್ಲಿಗೆ ತಿರುಗಿಸುತ್ತದೆ. ಅದು ಟಂಗ್‌ಸ್ಟನ್ ಹಲಗೆಗಳಿಗೆ ಬಡಿದು, ತಣ್ಣಗಾಗಿ, ಮತ್ತೆ ಸಾಧಾರಣ ಅನಿಲವಾಗುತ್ತದೆ. ಅದರ ಕೆಳಗೆ ಪಂಪಿನ ಕಡೆಗೆ ಹೋಗುವ ದೊಡ್ಡ ಕೊಳವೆ. ನಮ್ಮ ಮಾದರಿ ಅನಿಲ ಅಲ್ಲಿಂದ ಬರಬೇಕು, ಪಂಪಿಗಿಂತ ಮೊದಲು.

ಪಂಪ್ ಆದಮೇಲೆ ಯಾಕೆ ಬೇಡ? ಪಂಪು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಐಟರ್‌ನ ಮುಖ್ಯ ಪಾತ್ರೆಗೆ ಆರು ಕ್ರಯೋಪಂಪ್‌ಗಳಿವೆ. ಒಳಗಿನ ಹಲಗೆಗಳು 4.5 ಕೆಲ್ವಿನ್‌ನಷ್ಟು ತಣ್ಣಗೆ, ಅಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗೆ. ಅಷ್ಟು ಚಳಿಯಲ್ಲೂ ಹೀಲಿಯಮ್ ಹಲಗೆಯ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ. ಅದಕ್ಕೇ ಹಲಗೆಗೆ ಇದ್ದಿಲು ಅಂಟಿಸುತ್ತಾರೆ. ಇದ್ದಿಲಿನ ಸಣ್ಣ ಸಣ್ಣ ತೂತುಗಳಲ್ಲಿ ಹೀಲಿಯಮ್ ಸಿಕ್ಕಿಕೊಳ್ಳುತ್ತದೆ. ಯಾವ ಇದ್ದಿಲು ಗೊತ್ತಾ? ತೆಂಗಿನ ಕರಟದ ಇದ್ದಿಲು. ನಾನು ತಿಪಟೂರು ಕಡೆಯವಳು. ನಮ್ಮ ಮನೆ ಎದುರಿನ ಇಸ್ತ್ರಿ ಅಂಗಡಿಯ ಪೆಟ್ಟಿಗೆಯಲ್ಲಿ ಕೆಂಪಗೆ ಉರಿಯುತ್ತಿದ್ದದ್ದು ಅದೇ ಕರಟ. ಮೊದಲ ಸಲ ಇದನ್ನು ಓದಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ಈ ಪಂಪ್‌ಗಳು ಒಂದಾದ ಮೇಲೊಂದು ಬೆಚ್ಚಗಾಗಿ, ಹಿಡಿದದ್ದನ್ನು ಬಿಟ್ಟು, ಮತ್ತೆ ತಣ್ಣಗಾಗುತ್ತವೆ. ಹಾಗಾಗಿ ಅವುಗಳ ಆಚೆ ಬರುವ ಅನಿಲಕ್ಕೂ ಈ ಕ್ಷಣದ ಪ್ಲಾಸ್ಮಾಕ್ಕೂ ಹೊಂದಾಣಿಕೆ ಇರುವುದಿಲ್ಲ.

ಹಾಗಂತ ಉಪಕರಣವನ್ನು ಡೈವರ್ಟರ್ ಪಕ್ಕದಲ್ಲೇ ಇಡಲು ಆಗುವುದಿಲ್ಲ. ಅಲ್ಲಿ ಬಲವಾದ ಕಾಂತಕ್ಷೇತ್ರ, ಜೊತೆಗೆ ನ್ಯೂಟ್ರಾನ್‌ಗಳು. ಉಪಕರಣದ ಜೊತೆ ಟರ್ಬೊ ಪಂಪ್ ಇರುತ್ತದೆ, ವೇಗವಾಗಿ ತಿರುಗುವ ರೆಕ್ಕೆಗಳಿಂದ ಅನಿಲ ಎಳೆಯುವ ಪಂಪು. ಅದರ ರೋಟರ್ ಕಾಂತಕ್ಷೇತ್ರದಲ್ಲಿ ತಿರುಗಿದರೆ ಅದರಲ್ಲಿ ಸುಳಿ ಕರೆಂಟ್ ಹುಟ್ಟಿ ಬಿಸಿಯಾಗುತ್ತದೆ. ಆರ್‌ಜಿಎಯಲ್ಲಿ ಅಯಾನುಗಳನ್ನು ತೂಕದ ಪ್ರಕಾರ ಸೋಸುವ ನಾಲ್ಕು ಕಂಬಿಗಳ ಭಾಗಕ್ಕೆ ಕ್ವಾಡ್ರುಪೋಲ್ ಅನ್ನುತ್ತಾರೆ. ಅದರೊಳಗಿನ ಅಯಾನುಗಳ ದಾರಿ ಬಾಗುತ್ತದೆ. ಆದ್ದರಿಂದ ದೂರ ಇಡಬೇಕು, ಸುತ್ತ ಮೆದು ಕಬ್ಬಿಣದ ಕವಚ ಕೊಡಬೇಕು, ನಡುವೆ ಕೊಳವೆ ಎಳೆಯಬೇಕು.

ಕೊಳವೆಯ ಲೆಕ್ಕ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒತ್ತಡ ಕಡಿಮೆ ಇದ್ದಾಗ ಅನಿಲ ನೀರಿನ ಹಾಗೆ ಹರಿಯುವುದಿಲ್ಲ. ಅಣುಗಳು ಗೋಡೆಯಿಂದ ಗೋಡೆಗೆ ಬಡಿದುಕೊಂಡು ತೆವಳುತ್ತವೆ. ಉದ್ದ ಎರಡು ಪಟ್ಟಾದರೆ ತಲುಪುವ ಸಮಯ ನಾಲ್ಕು ಪಟ್ಟು. ವ್ಯಾಸ ಎರಡು ಪಟ್ಟಾದರೆ ಸಮಯ ಅರ್ಧ. ಜಾಗ ಉಳಿಸಲು ಸಪೂರ ಕೊಳವೆ ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸೆಕೆಂಡಿನ ಮಾಹಿತಿ ಬೇಕಾದ ಕಡೆ ನಿಮಿಷದ ಮಾಹಿತಿ ಬರುತ್ತದೆ.

ಒತ್ತಡ ಇಳಿಸುವ ತೂತು

ದೊಡ್ಡ ಯಂತ್ರದ ಡೈವರ್ಟರ್ ಕೆಳಗೆ ಒತ್ತಡ 1ರಿಂದ 10 ಪಾಸ್ಕಲ್. ಆರ್‌ಜಿಎಗೆ ಬೇಕಾದದ್ದು 0.01 ಪಾಸ್ಕಲ್‌ಗಿಂತ ಕಡಿಮೆ. ಜಾಸ್ತಿಯಾದರೆ ಒಳಗಿನ ಕಾದ ತಂತಿ, ಅಂದರೆ ಫಿಲಮೆಂಟ್, ಹಾಳಾಗುತ್ತದೆ. ಆದ್ದರಿಂದ ನಡುವೆ ಒಂದು ತೆಳು ತಗಡು, ಅದರಲ್ಲಿ ಒಂದು ಸಣ್ಣ ತೂತು, ಆಚೆ ಕಡೆ ಟರ್ಬೊ ಪಂಪ್.

ಒಂದು ಉದಾಹರಣೆ ಲೆಕ್ಕ ಹಾಕೋಣ. ತೂತಿನ ವ್ಯಾಸ ಅರ್ಧ ಮಿಲಿಮೀಟರ್. ಇದರ ಮೂಲಕ ಡ್ಯುಟೀರಿಯಮ್ ಸೆಕೆಂಡಿಗೆ ಸುಮಾರು 0.06 ಲೀಟರ್ ದಾಟುತ್ತದೆ. ಆಚೆ ಪಂಪು ಸೆಕೆಂಡಿಗೆ 60 ಲೀಟರ್ ಎಳೆಯುತ್ತಿದೆ ಅಂದುಕೊಳ್ಳಿ. ಒತ್ತಡ ಸಾವಿರ ಪಟ್ಟು ಇಳಿಯಿತು. ಕೊಳವೆಯಲ್ಲಿ 5 ಪಾಸ್ಕಲ್ ಇದ್ದರೆ ಆರ್‌ಜಿಎ ಹತ್ತಿರ 0.005. ಸರಿಹೋಯಿತು.

ತೂತು ಇಷ್ಟು ಚಿಕ್ಕದಿರಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ. 5 ಪಾಸ್ಕಲ್‌ನಲ್ಲಿ ಡ್ಯುಟೀರಿಯಮ್ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಓಡುತ್ತದೆ. ತೂತು ಅದಕ್ಕಿಂತ ಚಿಕ್ಕದಿದ್ದರೆ ಅಣುಗಳು ಒಂದೊಂದಾಗಿ, ಯಾರ ಹಂಗೂ ಇಲ್ಲದೆ ದಾಟುತ್ತವೆ. ಆಗ ದಾಟುವ ವೇಗ ತೂಕದ ಮೇಲೆ ಮಾತ್ರ ನಿಂತಿರುತ್ತದೆ. ಹೀಲಿಯಮ್‌ಗೂ ಡ್ಯುಟೀರಿಯಮ್ ಅಣುವಿಗೂ ತೂಕ ಒಂದೇ ಆದ್ದರಿಂದ ತೂತು ಇಬ್ಬರಿಗೂ ಸಮನಾಗಿ ದಾರಿ ಬಿಡುತ್ತದೆ. ಟರ್ಬೊ ಪಂಪಿನ ಬಗ್ಗೆ ಮಾತ್ರ ಈ ಭರವಸೆ ಇಟ್ಟುಕೊಳ್ಳಬೇಡಿ. ಹಗುರ ಅನಿಲಗಳನ್ನು ಎಳೆಯುವುದರಲ್ಲಿ ಅದು ಅಷ್ಟು ಗಟ್ಟಿಯಲ್ಲ, ಒಂದೊಂದಕ್ಕೂ ಅದರ ವೇಗ ಬೇರೆ. ನಿಮ್ಮ ಪಂಪಿನ ಮೇಲೆಯೇ ಅಳೆದು ನೋಡಬೇಕು.

ಆರ್‌ಜಿಎ ಸಿದ್ಧ ಮಾಡುವುದು

ಎಲೆಕ್ಟ್ರಾನಿಕ್ಸ್ ಪೆಟ್ಟಿಗೆ ಬಿಚ್ಚಿಟ್ಟು ಬೇಕಿಂಗ್ ಮಾಡಿ, ಅಂದರೆ ಉಪಕರಣವನ್ನು ಕಾಯಿಸಿ ಒಳಗೆ ಅಂಟಿದ ನೀರನ್ನು ಓಡಿಸಿ. 150 ಡಿಗ್ರಿಯಲ್ಲಿ ಒಂದು ರಾತ್ರಿಯಾದರೂ ಬಿಡಿ. ಒಳಗಿನ ನೀರು ಹೋಗದೆ ಕೆಲಸ ಶುರು ಮಾಡಿದರೆ, ಡ್ಯುಟೀರಿಯಮ್ ಬಂದ ಕೂಡಲೇ ಗೋಡೆಯ ನೀರಿನ ಜೊತೆ ಹೈಡ್ರೋಜನ್ ಅದಲುಬದಲು ಮಾಡಿಕೊಳ್ಳುತ್ತದೆ. 18ರಲ್ಲಿದ್ದ ನೀರು 19ಕ್ಕೆ, 20ಕ್ಕೆ ಸರಿಯುತ್ತದೆ. 3ರಲ್ಲಿ ಅರ್ಧ ಹೈಡ್ರೋಜನ್ ಅರ್ಧ ಡ್ಯುಟೀರಿಯಮ್ ಇರುವ ಅಣು ಏಳುತ್ತದೆ. ಆಮೇಲೆ ಯಾವುದು ಯಂತ್ರದ್ದು, ಯಾವುದು ನಿಮ್ಮ ಪೆಟ್ಟಿಗೆಯದ್ದು ಅಂತ ಬಿಡಿಸಲು ಆಗುವುದಿಲ್ಲ.

ಸಂದಿಗಳಿಗೆಲ್ಲ ತಾಮ್ರದ ಗ್ಯಾಸ್ಕೆಟ್ ಹಾಕಿ, ರಬ್ಬರ್ ಬೇಡ. ರಬ್ಬರ್ ಮೂಲಕ ಗಾಳಿಯಲ್ಲಿರುವ ಹೀಲಿಯಮ್ ಕೂಡ ನಿಧಾನವಾಗಿ ಒಳಗೆ ಬರುತ್ತದೆ.

ಪ್ಲಾಸ್ಮಾ ಶುರುವಾಗುವ ಮೊದಲು ಖಾಲಿ ಸ್ಕ್ಯಾನ್ ತೆಗೆದು ಉಳಿಸಿಕೊಳ್ಳಿ. ಪ್ರತಿ ದಿನ, ಪ್ರತಿ ಸಲ. ಸ್ಕ್ಯಾನಿನ ಎಡ ತುದಿಯಲ್ಲಿ, 1ಕ್ಕಿಂತ ಕೆಳಗೆ, ಒಂದು ದೊಡ್ಡ ಗುಡ್ಡೆ ಕಾಣುತ್ತದೆ. ಅದಕ್ಕೆ ಜೀರೋ ಬ್ಲಾಸ್ಟ್ ಅನ್ನುತ್ತಾರೆ. ಅದು ಅನಿಲ ಅಲ್ಲ. ಕ್ವಾಡ್ರುಪೋಲ್‌ನ ವೋಲ್ಟೇಜ್ ಸೊನ್ನೆಯ ಹತ್ತಿರ ಇದ್ದಾಗ ಸಿಕ್ಕಸಿಕ್ಕ ಅಯಾನು ನುಗ್ಗಿಬಿಡುತ್ತದೆ. ಆ ಗುಡ್ಡೆಯ ಬಾಲ 1, 2ರ ಮೇಲೆ ಬೀಳದ ಹಾಗೆ ಸೆಟ್ಟಿಂಗ್ ತಿದ್ದಿಕೊಳ್ಳಿ.

4ರಲ್ಲಿ ಇರುವುದು ಯಾರು

ಡ್ಯುಟೀರಿಯಮ್ ಅಣುವಿನ ತೂಕ 4.028. ಹೀಲಿಯಮ್ 4.003. ನಡುವಿನ ಅಂತರ 0.025. ಸಾಮಾನ್ಯ ಆರ್‌ಜಿಎ 4ಕ್ಕೂ 5ಕ್ಕೂ ವ್ಯತ್ಯಾಸ ಹೇಳುತ್ತದೆ, ಇಷ್ಟು ಚಿಕ್ಕ ಅಂತರ ಅದಕ್ಕೆ ಕಾಣುವುದಿಲ್ಲ. ಟ್ರಿಟಿಯಮ್ ಇರುವ ಯಂತ್ರದಲ್ಲಿ ಹೈಡ್ರೋಜನ್‌ಗೆ ಟ್ರಿಟಿಯಮ್ ಸೇರಿದ ಅಣುವೂ 4ಕ್ಕೇ ಬಂದು ಕೂರುತ್ತದೆ. ಇಂಥ ಅಂತರವನ್ನು ಬಿಡಿಸುವ ವಿಶೇಷ ಕ್ವಾಡ್ರುಪೋಲ್‌ಗಳಿವೆ. ಅವು ನಿಮ್ಮ ಲ್ಯಾಬಿನಲ್ಲಿ ಇಲ್ಲ ಅಂದರೆ ಬೇರೆ ದಾರಿ ಹಿಡಿಯಬೇಕು.

ಆ ದಾರಿ ಎಲೆಕ್ಟ್ರಾನಿನ ಶಕ್ತಿಯಲ್ಲಿದೆ. ಆರ್‌ಜಿಎ ಒಳಗಿನ ಫಿಲಮೆಂಟ್ ಎಲೆಕ್ಟ್ರಾನ್‌ಗಳನ್ನು ಹೊಡೆದು ಅನಿಲವನ್ನು ಅಯಾನು ಮಾಡುತ್ತದೆ. ಸಾಮಾನ್ಯವಾಗಿ ಆ ಶಕ್ತಿ 70 ಎಲೆಕ್ಟ್ರಾನ್ ವೋಲ್ಟ್‌ಗೆ ಇಟ್ಟಿರುತ್ತಾರೆ. ಡ್ಯುಟೀರಿಯಮ್ ಅಣು ಅಯಾನಾಗಲು 15.5 ಸಾಕು. ಹೀಲಿಯಮ್‌ಗೆ 24.6 ಬೇಕು. ಅದು ತನ್ನ ಎಲೆಕ್ಟ್ರಾನನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಹಾಗಾದರೆ ಶಕ್ತಿಯನ್ನು 20ಕ್ಕೆ ಇಳಿಸಿ. 4ರ ಪೀಕ್ ಚಿಕ್ಕದಾದರೂ ನಿಂತಿದೆಯಾ? ಅದರಲ್ಲಿ ಡ್ಯುಟೀರಿಯಮ್ ಇದೆ. ಪೂರ್ತಿ ಮಾಯವಾಯಿತಾ? ಅದು ಹೀಲಿಯಮ್.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಲ್ಯಾಬಿನಲ್ಲಿ ಒಂದು ಸಂಜೆ 4ರ ಪೀಕ್ ನಿಧಾನವಾಗಿ ಏರತೊಡಗಿತು. ಪಕ್ಕದ ವಿಭಾಗದಲ್ಲಿ ಲೀಕ್ ಟೆಸ್ಟಿಗೆ ಹೀಲಿಯಮ್ ಸ್ಪ್ರೇ ಮಾಡುತ್ತಿದ್ದರು. ನಮ್ಮ ಚೇಂಬರ್ ಎಲ್ಲೋ ಲೀಕ್ ಆಗಿದೆ, ಆ ಹೀಲಿಯಮ್ ಒಳಗೆ ಬರುತ್ತಿದೆ ಅಂತ ತೀರ್ಮಾನ ಮಾಡಿದೆವು. ಎರಡು ದಿನ ಬೋಲ್ಟ್ ಬಿಗಿ ಮಾಡಿದೆವು. ಒಂದು ಫ್ಲ್ಯಾಂಜ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದೆವು. ಮತ್ತೆ ಬೇಕಿಂಗ್. ಪೀಕ್ ಅಲ್ಲೇ ಇತ್ತು. ಮೂರನೇ ದಿನ ರಜೆಯಿಂದ ಬಂದ ಹಿರಿಯ ಟೆಕ್ನಿಷಿಯನ್ ಒಬ್ಬರು ಏನೂ ಮಾತಾಡದೆ ಎಲೆಕ್ಟ್ರಾನ್ ಶಕ್ತಿಯನ್ನು 20ಕ್ಕೆ ಇಳಿಸಿದರು. ಪೀಕ್ ಹೋಗಲಿಲ್ಲ. "ಇದು ಹೊರಗಿಂದ ಬಂದಿದ್ದಲ್ಲಮ್ಮ, ನಿಮ್ಮ ಸಿಲಿಂಡರ್ದೇ" ಅಂದರು. ಡ್ಯುಟೀರಿಯಮ್ ಬಿಡುವ ವಾಲ್ವ್ ಸರಿಯಾಗಿ ಕೂರುತ್ತಿರಲಿಲ್ಲ. ಎರಡು ನಿಮಿಷದ ಪರೀಕ್ಷೆ ಮೊದಲೇ ಮಾಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಪರದೆಯ ಮೇಲೆ ಕಾಣುವ 20 ನಿಜವಾಗಿ 20 ಇರಬೇಕಾಗಿಲ್ಲ. ಒಂದೆರಡು ವೋಲ್ಟ್ ಆಚೀಚೆ ಇರುತ್ತದೆ. ಗೊತ್ತಿರುವ ಅನಿಲಗಳನ್ನು ಬಿಟ್ಟು ಶಕ್ತಿಯನ್ನು ಮೆಲ್ಲಗೆ ಏರಿಸಿ, ಯಾವಾಗ ಪೀಕ್ ಹುಟ್ಟುತ್ತದೆ ನೋಡಿ. ಆರ್ಗಾನ್ 15.8ಕ್ಕೆ ಹುಟ್ಟಬೇಕು, ನಿಯಾನ್ 21.6ಕ್ಕೆ, ಹೀಲಿಯಮ್ 24.6ಕ್ಕೆ. ಈ ಮೂರು ಗುರುತು ಸಿಕ್ಕರೆ ನಿಮ್ಮ ಮಾಪಕ ಎಷ್ಟು ತಪ್ಪಿದೆ ಅಂತ ಗೊತ್ತಾಗುತ್ತದೆ.

ಈ ವಿಧಾನದ ಮಿತಿಯನ್ನೂ ಹೇಳಿಬಿಡಬೇಕು. ಇದು ಯಾರು ಅಂತ ಹೇಳುತ್ತದೆ. ಎಷ್ಟು ಅಂತ ಹೇಳುವುದರಲ್ಲಿ ಸೋಲುತ್ತದೆ. 70ರಲ್ಲಿ ಬಂದ ಒಟ್ಟು ಪೀಕಿನಿಂದ ಡ್ಯುಟೀರಿಯಮ್ ಪಾಲನ್ನು ಕಳೆದರೆ ಉಳಿದದ್ದು ಹೀಲಿಯಮ್. ಆದರೆ ಹೀಲಿಯಮ್ ಇರುವುದೇ 300ರಲ್ಲಿ ಒಂದು. ಅದರ ಮೇಲೆ ಅದು ಡ್ಯುಟೀರಿಯಮ್‌ನ ಮೂರನೇ ಒಂದರಷ್ಟು ಮಾತ್ರ ಸುಲಭವಾಗಿ ಅಯಾನಾಗುತ್ತದೆ. ಹಾಗಾಗಿ ಸಿಗ್ನಲ್‌ನಲ್ಲಿ ಅದರ ಪಾಲು ಸುಮಾರು 900ರಲ್ಲಿ ಒಂದು. ನಿಮ್ಮ ಉಪಕರಣ ನೂರಕ್ಕೆ ಒಂದರಷ್ಟು ಅಲುಗಾಡಿದರೂ ಕಳೆಯುವ ಲೆಕ್ಕ ಮುಳುಗಿತು.

ಒಂದು ಶಾಟ್‌ನಲ್ಲಿ (ಅಂದರೆ ಪ್ಲಾಸ್ಮಾ ಒಂದು ಸಲ ಹೊತ್ತಿ ಆರುವಷ್ಟರಲ್ಲಿ) ಒಟ್ಟು ಎಷ್ಟು ಹೀಲಿಯಮ್ ಬಂತು ಅಂತ ಗೊತ್ತಾದರೆ ಸಾಕು ಅಂದರೆ ಗೆಟರ್ ಅನ್ನುವ ಅನಿಲ ಹೀರುವ ಲೋಹ ಬಳಸಿ. ಅದು ಹೈಡ್ರೋಜನ್, ಡ್ಯುಟೀರಿಯಮ್, ಟ್ರಿಟಿಯಮ್ ಎಲ್ಲವನ್ನೂ ಹೀರುತ್ತದೆ. ಹೀಲಿಯಮ್ ಮುಟ್ಟುವುದಿಲ್ಲ. ಮಾದರಿ ಅನಿಲವನ್ನು ಹಿಡಿದು, ಟರ್ಬೊ ಕಡೆಯ ವಾಲ್ವ್ ಮುಚ್ಚಿ, ಗೆಟರ್‌ಗೆ ಸಮಯ ಕೊಡಿ. ಆಮೇಲೆ 4ರಲ್ಲಿ ನಿಂತಿರುವುದನ್ನು ಧೈರ್ಯವಾಗಿ ಹೀಲಿಯಮ್ ಅನ್ನಬಹುದು. ಇದು ನಿಧಾನದ ಕೆಲಸ, ಆದರೆ ನನಗೆ ತುಂಬ ನಂಬಿಕೆ ಇರುವ ಕೆಲಸ.

ಬಣ್ಣ ನೋಡಿ ಹೇಳುವುದು

ಸೆಕೆಂಡು ಸೆಕೆಂಡಿಗೂ ಬೇಕು ಅಂದರೆ ಬೆಳಕಿನ ಮೊರೆ ಹೋಗಬೇಕು. ಪೆನ್ನಿಂಗ್ ಗೇಜ್ ಅಂತ ಹಳೆಯ ಒತ್ತಡ ಮಾಪಕ ಇದೆ. ಕೆಲವು ಸಾವಿರ ವೋಲ್ಟ್, ಒಂದು ಮ್ಯಾಗ್ನೆಟ್, ಒಳಗೆ ಮಿಣುಕುವ ಪುಟ್ಟ ಡಿಸ್ಚಾರ್ಜ್. ಆ ಮಿಣುಕಿಗೆ ಒಂದು ಕಿಟಕಿ ಇಟ್ಟು, ಬೆಳಕನ್ನು ಫೈಬರ್ ಮೂಲಕ ಸ್ಪೆಕ್ಟ್ರೋಮೀಟರಿಗೆ ಒಯ್ಯುತ್ತಾರೆ. ತೂಕ ಒಂದೇ ಆದರೂ ಬಣ್ಣ ಬೇರೆ. ಹೀಲಿಯಮ್ 587.6 ನ್ಯಾನೋಮೀಟರಿನಲ್ಲಿ ಹಳದಿ, 667.8ರಲ್ಲಿ ಕೆಂಪು ಗೆರೆ ಕೊಡುತ್ತದೆ. ಡ್ಯುಟೀರಿಯಮ್ ಕೆಂಪು 656.10. ಹೈಡ್ರೋಜನ್ 656.28, ಟ್ರಿಟಿಯಮ್ 656.04. ಹೀಲಿಯಮ್ ಗೆರೆ ದೂರ ನಿಲ್ಲುವುದರಿಂದ ಅದನ್ನು ಗುರುತಿಸುವುದು ಸುಲಭ. ಡ್ಯುಟೀರಿಯಮ್, ಟ್ರಿಟಿಯಮ್ ನಡುವೆ ಇರುವುದು 0.06 ಮಾತ್ರ. ಅದಕ್ಕೆ ಒಳ್ಳೆಯ ಸ್ಪೆಕ್ಟ್ರೋಮೀಟರ್ ಬೇಕು.

ಇಂಗ್ಲೆಂಡಿನ ಕಲ್ಹಂನಲ್ಲಿದ್ದ ಜೆಟ್ ಅನ್ನುವ ಫ್ಯೂಷನ್ ಯಂತ್ರದಲ್ಲಿ ಡೈವರ್ಟರ್ ಕೆಳಗಿನ ಅನಿಲವನ್ನು ಹೀಗೆ ಬೆಳಕಿನಿಂದಲೂ ಮಾಸ್ ಸ್ಪೆಕ್ಟ್ರೋಮೀಟರಿನಿಂದಲೂ ನೋಡುತ್ತಿದ್ದರು. ಜೆಟ್ 2021ರಲ್ಲಿ 59 ಮೆಗಾಜೂಲ್, 2023ರಲ್ಲಿ 69 ಮೆಗಾಜೂಲ್ ಶಕ್ತಿ ಕೊಟ್ಟು, ಅದೇ 2023ರ ಡಿಸೆಂಬರಿನಲ್ಲಿ ನಿಂತಿತು. ನಿಜವಾದ ಟ್ರಿಟಿಯಮ್ ಇಂಧನದ ಜೊತೆ ಈ ವಿಧಾನಗಳನ್ನು ಪಳಗಿಸಿಕೊಳ್ಳಲು ಸಿಕ್ಕ ಅಪರೂಪದ ಯಂತ್ರ ಅದು. ಐಟರ್‌ಗೆ ಬೇಕಾದ ಅನಿಲ ಮಾಪಕವನ್ನು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ರೂಪಿಸಿದ್ದಾರೆ. ಅದರಲ್ಲೂ ಮಾಸ್ ಸ್ಪೆಕ್ಟ್ರೋಮೀಟರ್, ಬೆಳಕಿನ ಮಾಪಕ ಎರಡೂ ಜೊತೆಗಿವೆ. ಅದರ ಮೊದಲ ಮಾದರಿಯನ್ನು ಜರ್ಮನಿಯ ವೆಂಡೆಲ್‌ಸ್ಟೈನ್ 7-ಎಕ್ಸ್ ಯಂತ್ರದ ಮೇಲೆ ಹಾಕಿ ನೋಡಿದರು. ಒಂದೇ ಉಪಕರಣವನ್ನು ಯಾರೂ ನಂಬಿ ಕೂತಿಲ್ಲ, ಗಮನಿಸಿ.

ಬೆಳಕಿನ ಮಾಪಕಕ್ಕೂ ಅದರದ್ದೇ ತೊಂದರೆಗಳಿವೆ. ಡಿಸ್ಚಾರ್ಜ್ ಲೋಹವನ್ನು ಕೆರೆದು ಕಿಟಕಿಯ ಮೇಲೆ ಪದರ ಕಟ್ಟುತ್ತದೆ. ನ್ಯೂಟ್ರಾನ್ ಬಿದ್ದರೆ ಫೈಬರ್ ಕಂದುತ್ತದೆ. ಗೆರೆಯ ಹೊಳಪು ಹೀಲಿಯಮ್ ಪ್ರಮಾಣದ ಜೊತೆ ನೇರವಾಗಿ ಏರುವುದಿಲ್ಲ, ಒಟ್ಟು ಒತ್ತಡಕ್ಕೂ ಬದಲಾಗುತ್ತದೆ. ಅದಕ್ಕೆ ಮದ್ದು ಕ್ಯಾಲಿಬ್ರೇಷನ್ ಮಾತ್ರ, ಅಂದರೆ ಪ್ರಮಾಣ ಗೊತ್ತಿರುವ ಅನಿಲ ಬಿಟ್ಟು ಮಾಪಕವನ್ನು ಹೊಂದಿಸಿಕೊಳ್ಳುವುದು.

ಕ್ಯಾಲಿಬ್ರೇಷನ್

ಶುದ್ಧ ಡ್ಯುಟೀರಿಯಮ್, ನೂರಕ್ಕೆ ಒಂದು ಹೀಲಿಯಮ್ ಸೇರಿದ್ದು, ನೂರಕ್ಕೆ ಐದು ಸೇರಿದ್ದು, ಕೊನೆಗೆ ಶುದ್ಧ ಹೀಲಿಯಮ್. ಒಂದೊಂದನ್ನೂ ಮೂರು ಒತ್ತಡದಲ್ಲಿ ಅಳೆಯಿರಿ. ಹೀಲಿಯಮ್ ಯಾವಾಗಲೂ ಕೊನೆಗೆ. ಅದು ಒಳಗಿಂದ ಹೋಗಲು ಸಮಯ ತೆಗೆದುಕೊಳ್ಳುತ್ತದೆ.

ಒತ್ತಡಕ್ಕೆ ಆಧಾರವಾಗಿ ಡಯಾಫ್ರಮ್ ಇರುವ ಕೆಪಾಸಿಟೆನ್ಸ್ ಗೇಜ್ ಇಟ್ಟುಕೊಳ್ಳಿ. ಅದು ಬರೀ ಒತ್ತುವಿಕೆ ಅಳೆಯುತ್ತದೆ, ಅನಿಲ ಯಾವುದಾದರೂ ಅದಕ್ಕೆ ಒಂದೇ. ಅಯಾನ್ ಗೇಜ್ ಹಾಗಲ್ಲ. ಅದನ್ನು ನೈಟ್ರೋಜನ್‌ಗೆ ಹೊಂದಿಸಿರುತ್ತಾರೆ. ಹೀಲಿಯಮ್ ತುಂಬಿದರೆ ನಿಜವಾದ ಒತ್ತಡ ಅದು ತೋರಿಸಿದ್ದರ ಸುಮಾರು ಐದೂವರೆ ಪಟ್ಟು ಇರುತ್ತದೆ. ಇದನ್ನು ಮರೆತು ಬರೆದ ಅಂಕಿಗಳನ್ನು ನಾನು ಎಷ್ಟೋ ವರದಿಗಳಲ್ಲಿ ತಿದ್ದಿದ್ದೇನೆ.

20ರ ಗುಂಪು

ಡೈವರ್ಟರ್ ತಣ್ಣಗಿರಲಿ ಅಂತ ನಿಯಾನ್, ನೈಟ್ರೋಜನ್, ಆರ್ಗಾನ್ ಬಿಡುವುದುಂಟು. ಆಗ 20ರಲ್ಲಿ ಸಂತೆ ಸೇರುತ್ತದೆ. ನಿಯಾನ್ 20. ಭಾರಜಲ 20. ಡ್ಯುಟೀರಿಯಮ್ ತುಂಬಿದ ಮೀಥೇನ್ 20. ನೈಟ್ರೋಜನ್ ಬಿಟ್ಟಾಗ ಗೋಡೆಯ ಮೇಲೆ ಹುಟ್ಟುವ ಅಮೋನಿಯಾ, ಡ್ಯುಟೀರಿಯಮ್‌ನದ್ದಾದರೆ, ಅದೂ 20. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆರ್ಗಾನ್ 40 ಕೂಡ 20ರಲ್ಲೇ ಕಾಣುತ್ತದೆ.

ಇಲ್ಲಿ ಸಾಕ್ಷಿ ಬೇರೆ ಕಡೆ ಹುಡುಕಬೇಕು. ನಿಯಾನ್‌ನಲ್ಲಿ ನೂರಕ್ಕೆ ಒಂಬತ್ತರಷ್ಟು ತೂಕ 22ರದ್ದು. 22 ನೋಡಿ, ಅದರ ಸುಮಾರು ಹತ್ತು ಪಟ್ಟನ್ನು 20ರಿಂದ ಕಳೆಯಿರಿ. ಅದಕ್ಕೂ ಮೊದಲು 44 ನೋಡಿ. ಕಾರ್ಬನ್ ಡೈಆಕ್ಸೈಡ್ ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ 22ರಲ್ಲೇ ಕೂರುತ್ತದೆ. ಆರ್ಗಾನ್‌ಗೆ 40 ನೋಡಿ. 28ರಲ್ಲಿ ನೈಟ್ರೋಜನ್, ಕಾರ್ಬನ್ ಮಾನಾಕ್ಸೈಡ್ ಇಬ್ಬರೂ ಇರುತ್ತಾರೆ. 14 ಮತ್ತು 12ರ ಚೂರುಗಳು ಯಾರು ಎಷ್ಟು ಅಂತ ಹೇಳುತ್ತವೆ.

ಟ್ರಿಟಿಯಮ್ ಬಂದರೆ

ಇದು ಬೇರೆಯೇ ಶಿಸ್ತು. ಟ್ರಿಟಿಯಮ್ ವಿಕಿರಣಶೀಲ, ಅರ್ಧಾಯುಷ್ಯ 12.3 ವರ್ಷ. ನೀವು ಅಳೆದ ಅನಿಲವನ್ನು ಹೊರಗೆ ಬಿಡುವ ಹಾಗಿಲ್ಲ, ಪೂರ್ತಿ ವಾಪಸ್ ಕಳಿಸಬೇಕು. ಎಣ್ಣೆ, ರಬ್ಬರ್ ಇಲ್ಲದ ಪಂಪ್‌ಗಳು, ಉಪಕರಣದ ಸುತ್ತ ಎರಡನೇ ಹೊದಿಕೆ, ಎಲ್ಲ ಬೇಕು. ಅದು ಕ್ಷಯಿಸಿ ಹೀಲಿಯಮ್-3 ಆಗುತ್ತದೆ, ಆಗ 3ರ ಪೀಕಿಗೂ ಹೊಸಬ ಬಂದ ಹಾಗೆ. ಐಟರ್‌ನ ಈಗಿನ ಯೋಜನೆ ಪ್ರಕಾರ ಅಲ್ಲಿ ಟ್ರಿಟಿಯಮ್ ಕೆಲಸ ಶುರುವಾಗುವುದು 2039ರಲ್ಲಿ. ಈಗ ಎಂಎಸ್ಸಿ ಓದುತ್ತಿರುವವರು ಆಗ ಆ ಪರದೆಯ ಮುಂದೆ ಕೂತಿರಬಹುದು ಅನ್ನುವುದು ನನಗೆ ತುಂಬ ಖುಷಿ ಕೊಡುತ್ತದೆ.

ಮರುದಿನ ಬೆಳಿಗ್ಗೆ ಎಂಟಕ್ಕೇ ಅವಳ ಫೋನ್. "20ಕ್ಕೆ ಇಳಿಸಿದೆ ಚಿಕ್ಕಮ್ಮಾ. ಪೀಕ್ ಹೋಗಲಿಲ್ಲ. ಡ್ಯುಟೀರಿಯಮ್ ಅಂತ ಬರೆದಿದ್ದೀನಿ." ಒಂದು ಕ್ಷಣ ಸುಮ್ನಿದ್ದಳು. "ಆದ್ರೆ 3ರಲ್ಲಿ ಚಿಕ್ಕದೊಂದು ಇದೆ. 19ರಲ್ಲೂ."

"ಬೇಕಿಂಗ್ ಎಷ್ಟು ಹೊತ್ತು ಮಾಡಿದ್ರಿ?"

"ಮೂರು ಗಂಟೆ."

"ಎಲೆಕ್ಟ್ರಾನಿಕ್ಸ್ ಬಿಚ್ಚಿಡು. ಇವತ್ತು ರಾತ್ರಿಯೆಲ್ಲ 150ರಲ್ಲಿ ಬಿಡು. ನಾಳೆ ಖಾಲಿ ಸ್ಕ್ಯಾನ್ ತೆಗೆದು ನನಗೆ ಕಳಿಸು."